ಪರದೆಯ ಒಳಗಿಂದ ಹಾಡು

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನ ಮನೆಗೆ ಬಂದಿದ್ದರು. ಯೂನಿವರ್ಸಿಟಿಯ ಹೊಸ ಥಿಯೇಟರಿನಲ್ಲಿ ಪ್ರೋಗ್ರಾಮ್ ಸೆಕ್ಷನ್ನಿಗೆ ಸೇರಿದವರು. ಕೈಯಲ್ಲಿ ನುಣುಪು ಕಾಗದದ ಪೋಸ್ಟರು. ಬರಲಿರುವ ಸಂಗೀತ ಮತ್ತು ನೃತ್ಯ ಕಾರ್ಯಕ್ರಮಗಳು ಎಂದು ಮೇಲೆ ದಪ್ಪ ಅಕ್ಷರ. "ಮೇಡಮ್, ನಿಮ್ಮ ಕಾಲದಾಗ ಇದನ್ನೆಲ್ಲ ಹ್ಯಾಂಗ ಮಾಡ್ತಿದ್ರಿ? ನಮಗ ಒಂದೀಟು ಬರದು ಕೊಡ್ರಿ" ಎಂದರು. ಕನ್ನಡಕ ಹಾಕಿಕೊಂಡು ಪೋಸ್ಟರನ್ನು ಓದಿದೆ. ಯಾರು ಹಾಡುತ್ತಾರೆ, ಯಾರು ಕುಣಿಯುತ್ತಾರೆ, ಯಾವ ವಾರ, ಎಷ್ಟು ಗಂಟೆಗೆ, ಎಲ್ಲ ನೀಟಾಗಿತ್ತು. ಯಾರಿಗೂ ಯಾವ ಕನ್ಫ್ಯೂಷನ್ನೂ ಆಗುವ ಹಾಗಿರಲಿಲ್ಲ. ಅದನ್ನು ನೋಡಿ ನನಗೆ ಯಾಕೋ ಒಂದು ತರಹ ಆಯಿತು.

ನಾನು ಎಷ್ಟು ವರ್ಷ ದುಡಿದೆ, ಯಾವ ಕುರ್ಚಿಯಿಂದ ಎದ್ದು ಮನೆಗೆ ಬಂದೆ ಎಂಬುದು ಪೆನ್ಷನ್ ಆಫೀಸಿನವರಿಗೆ ಗೊತ್ತಿದ್ದರೆ ಸಾಕು. ಹುಡುಗಿಯರಿಗೆ ನಾನು ಹೇಳಬೇಕಾದದ್ದು ನನ್ನ ಮೊದಲ ಎರಡು ಮೂರು ವರ್ಷಗಳ ಮಾತು. ಆ ವರ್ಷಗಳಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಇವತ್ತು ಕೂಡ ನನಗೆ ಕ್ಲಿಯರ್ ಆಗಿಲ್ಲ.

ನಿಜಾಮರ ಕಾಲದಲ್ಲಿ ಬೀದರಿನ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಯೂನಿವರ್ಸಿಟಿಯ ಹೆಸರಿನ ಒಂದು ಹಾಲ್ ಇತ್ತು. ಜನ ಅದನ್ನು ಇನ್ವರ್ಸಿಟಿ ಥೇಟರ್ ಅನ್ನುತ್ತಿದ್ದರು. ಹಗಲು ಭಾಷಣ, ಸಂಜೆ ಹಾಡು ಕುಣಿತ. ನಾನು ಮಿಷನ್ ಆಸ್ಪತ್ರೆಯ ಕಂಪೌಂಡರನ ಮಗಳು, ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಪಿಯಾನೋ, ಕಸೂತಿ, ಎಲೊಕ್ಯೂಷನ್ ಕಲಿಸಿ ಕಳಿಸಿದ್ದರು. ಬೀದರಿನಲ್ಲಿ ಈ ಮೂರರಿಂದಲೂ ಉಪಯೋಗವಿರಲಿಲ್ಲ. ಆದರೂ ಆಗ ಥಿಯೇಟರ್ ನೋಡಿಕೊಳ್ಳುತ್ತಿದ್ದ ನಾಜಿಂ ಸಾಹೇಬರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಕಾರಣ ಇಷ್ಟೇ: ಈ ಹುಡುಗಿ ಇಂಗ್ಲಿಷ್ ಕಾಗದ ಓದುತ್ತಾಳೆ, ಮತ್ತು ಪರದೆಯ ಎರಡೂ ಕಡೆ ಓಡಾಡಬಲ್ಲಳು.

ಪರದೆ ಅಂದರೆ ಹಾಲಿನ ಎಡಗಡೆ ಉದ್ದಕ್ಕೂ, ಬಾಗಿಲಿನಿಂದ ರಂಗದ ಅಂಚಿನವರೆಗೂ ಇಳಿಬಿಟ್ಟಿದ್ದ ಬಿದಿರುಕಡ್ಡಿಯ ಪರದೆ. ಅದರ ಒಳಗೆ ಹೆಂಗಸರು ಕೂಡುತ್ತಿದ್ದರು. ಮುಸಲ್ಮಾನರ ಮನೆಯವರು, ದೊಡ್ಡ ಹಿಂದೂ ಮನೆಯವರು ಎಲ್ಲ ಒಟ್ಟಿಗೆ. ಅವರಿಗೆ ನೀರು ಕೊಡುವುದು, ಅಳುವ ಕೂಸನ್ನು ಹೊರಗೆ ಒಯ್ಯುವುದು, ಜಾಗಕ್ಕಾಗಿ ಜಗಳ ಬಿದ್ದರೆ ಬಿಡಿಸುವುದು ನನ್ನ ಡ್ಯೂಟಿ. ರಂಗಕ್ಕೆ ತಾಗಿದ ಕೊನೆಯ ತುಂಡಿಗೆ ಮಾತ್ರ ಹಿಂದೆ ದಪ್ಪ ಬಟ್ಟೆ ಹೊಲಿದಿದ್ದರು. ಅಲ್ಲಿ ಕೂತವರು ಹೊರಗಿನವರಿಗೆ ಕಾಣುತ್ತಿರಲಿಲ್ಲ, ಅವರಿಗೂ ಹೊರಗಿನದು ಕಾಣುತ್ತಿರಲಿಲ್ಲ. ಅದು ಜೈನಬ್ ಆಪಾ ಕೂತು ಹಾಡುವ ಜಾಗ.

ಜೈನಬ್ ಆಪಾ ನನಗಿಂತ ಹತ್ತು ವರ್ಷ ದೊಡ್ಡವಳು, ಅದಕ್ಕೇ ಆಪಾ, ಅಂದರೆ ಅಕ್ಕ ಎನ್ನುತ್ತಿದ್ದೆ. ಆಕೆಯ ಗಂಡ ಕರೀಂ ಮಾಸ್ತರ್ ಥಿಯೇಟರಿನ ಸಾರಂಗಿಯವರು. ಅವರು ರಂಗದ ಮೇಲೆ ಎಲ್ಲರ ಕಣ್ಣೆದುರು ಕೂತು ಬಾರಿಸುತ್ತಿದ್ದರು, ಈಕೆ ಪರದೆಯೊಳಗೆ ಕೂತು ಹಾಡುತ್ತಿದ್ದಳು. ಒಳಗಿದ್ದವಳಿಗೆ ಗಂಡ ಸಾರಂಗಿಯ ಶ್ರುತಿ ಕೂಡಿಸಿಕೊಂಡು ತಯಾರಾದದ್ದು ಹೇಗೆ ಗೊತ್ತಾಗಬೇಕು? ಮಾಸ್ತರು ಉಂಗುರ ಹಾಕಿದ ಬೆರಳಿನಿಂದ ರಂಗದ ಮರದ ನೆಲದ ಮೇಲೆ ಟಕ್ ಎಂದು ಬಡಿಯುತ್ತಿದ್ದರು. ಆ ಸಪ್ಪಳ ಕೇಳಿದ ಮೇಲೆಯೇ ಆಪಾ ಬಾಯಿ ತೆರೆಯುತ್ತಿದ್ದಳು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ದಖನಿ ಹಾಡುಗಳನ್ನು ಆಕೆ ಹಾಡಿದರೆ ಗಂಡಸರ ಕಡೆ ಕೆಮ್ಮು ಕೂಡ ಕೇಳಿಸುತ್ತಿರಲಿಲ್ಲ.

ಬರುವ ವಾರದ ಕಾರ್ಯಕ್ರಮಗಳನ್ನು ಊರ ನಡುವಿನ ಗೋಪುರ ಚೌಬಾರಾದ ಹತ್ತಿರ ದೊಡ್ಡ ಬೋರ್ಡಿನಲ್ಲಿ ಬರೆಸುತ್ತಿದ್ದೆವು. ಉರ್ದು ಮೇಲೆ, ಅದರ ಕೆಳಗೆ ಮರಾಠಿ, ಕನ್ನಡ, ತೆಲುಗು. ಎಲ್ಲರ ಹೆಸರೂ ಇರುತ್ತಿತ್ತು. ಕೊನೆಯ ಸಾಲು ಮಾತ್ರ ಯಾವಾಗಲೂ ಒಂದೇ: ಪರದೆಯ ಒಳಗಿಂದ ಹಾಡು. ಹೆಸರಿಲ್ಲ. ಅದು ಯಾರ ಹಾಡು ಎಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಓದಲು ಬಾರದವರಿಗೆ ಜನವಾಡದ ಶಿವಪ್ಪ ಇದ್ದ. ಡಂಗುರ ಹೊಡೆಯುವವನು. ಚೌಬಾರಾದಲ್ಲಿ ಶುರು ಮಾಡಿ, ರೈಲು ಹತ್ತಿ ಹಲಬರ್ಗಾ, ಭಾಲ್ಕಿಗೆ ಹೋಗಿ, ತಿರುಗಿ ಬಂದು ಕಾಲ್ನಡಿಗೆಯಲ್ಲೋ ಯಾರದಾದರೂ ಗಾಡಿಯಲ್ಲೋ ಔರಾದಿನ ಹಾದಿ ಹಿಡಿಯುತ್ತಿದ್ದ. ನಾನು ಹೇಳಿಕೊಟ್ಟದ್ದಕ್ಕೆ ತನ್ನದೂ ನಾಲ್ಕು ಮಾತು ಸೇರಿಸುತ್ತಿದ್ದ. "ನೀವು ಹೇಳಿದಷ್ಟೇ ಒದರಿದ್ರ ಎತ್ತು ಸುದ್ದಾ ಹೊಳ್ಳಿ ನೋಡೂದಿಲ್ರಿ ಮಿಸ್ ಬಾಯಿ" ಎಂಬುದು ಅವನ ಸಮರ್ಥನೆ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಅದಕ್ಕೆ ಮೊದಲು ರಜಾಕಾರರು ಹಳ್ಳಿಗಳಲ್ಲಿ ಏನು ಮಾಡಿದರು, ಅದರ ನಂತರದ ವಾರಗಳಲ್ಲಿ ಬೇರೆಯವರು ಏನು ಮಾಡಿದರು ಎಂಬುದನ್ನು ಹೇಳುವವರು ಬೇರೆ ಇದ್ದಾರೆ. ನಾನು ಕಂಡದ್ದು ಬಾಗಿಲುಗಳನ್ನು. ಒಂದು ಓಣಿಯ ಬಾಗಿಲುಗಳು ಮುಚ್ಚಿದಾಗ ಇನ್ನೊಂದು ಓಣಿಯವು ತೆರೆಯುತ್ತಿದ್ದವು. ಥಿಯೇಟರಿಗೂ ಬೀಗ ಬಿತ್ತು. ನಾಜಿಂ ಸಾಹೇಬರು ಒಂದು ದಿನ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ.

ಕರೀಂ ಮಾಸ್ತರು ಆ ದಿನಗಳಿಗೆ ಸ್ವಲ್ಪ ಮುಂಚೆ ಸಾರಂಗಿ ತೆಗೆದುಕೊಂಡು ಔರಾದಿನ ಕಡೆ ಒಂದು ಮದುವೆಗೆ ಹೋಗಿದ್ದರು. ವಾಪಸು ಬರಲಿಲ್ಲ. ಜೈನಬ್ ಆಪಾ ಒಬ್ಬಳೇ ಇರಲಾರದೆ ಮನೆಗೆ ಬೀಗ ಹಾಕಿ ಮಿಷನ್ ಕ್ವಾರ್ಟರ್ಸಿಗೆ, ನಮ್ಮ ತಾಯಿಯ ಹತ್ತಿರ ಬಂದಳು. ನಮ್ಮ ಅಣ್ಣ ಎರಡು ಸಲ ಔರಾದಿಗೆ ಹೋಗಿ ಕೇಳಿಬಂದ. ಮದುವೆ ಮನೆಯವರೇ ಊರು ಬಿಟ್ಟಿದ್ದರು. ಇದ್ದಾರೆ ಎನ್ನುವವರು ಸಿಗಲಿಲ್ಲ, ಇಲ್ಲ ಎನ್ನುವವರೂ ಸಿಗಲಿಲ್ಲ. ಒಂದು ವರ್ಷ ಹಾಗೇ ಕಳೆಯಿತು. ಆಪಾ ನಮ್ಮ ತಾಯಿಯ ಜೊತೆ ಅಕ್ಕಿ ಆರಿಸುತ್ತ ಕೂಡುತ್ತಿದ್ದಳು. ಹಾಡು ಅನ್ನುವುದನ್ನೇ ಮರೆತ ಹಾಗಿದ್ದಳು.

ಮುಂದಿನ ಚಳಿಗಾಲದಲ್ಲಿ ಥಿಯೇಟರ್ ತೆರೆಯಿತು. ಧಾರವಾಡದ ಕಡೆಯಿಂದ ಜೋಶಿ ಸಾಹೇಬರು ಸೂಪರಿಂಟೆಂಡೆಂಟ್ ಆಗಿ ಬಂದರು. ಒಳ್ಳೆಯ ಮನುಷ್ಯ, ಬಹಳ ಪಂಕ್ಚುಯಲ್. ಆದರೆ ಅವರಿಗೆ ಮೇಲಿನಿಂದ ಬರುತ್ತಿದ್ದ ಆರ್ಡರುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬೋರ್ಡಿನಲ್ಲಿ ಯಾವ ಭಾಷೆ ಮೇಲೆ ಇರಬೇಕು ಎಂಬುದೇ ಮೊದಲ ತಕರಾರು. ಒಬ್ಬ ಆಫೀಸರು ಬಂದು ಕನ್ನಡ ಮೇಲಿರಲಿ ಅಂದರು, ಇನ್ನೊಬ್ಬರು ಮರಾಠಿ ಅಂದರು, ಮತ್ತೊಬ್ಬರು ಹಿಂದಿ ಯಾಕಿಲ್ಲ ಅಂತ ಕೇಳಿದರು. ಪೇಂಟರ್ ಬಸವಣ್ಣ ಕೊನೆಗೆ ಬೋರ್ಡನ್ನೇ ಅಡ್ಡ ತಿರುಗಿಸಿ ನಾಲ್ಕನ್ನೂ ಒಂದರ ಪಕ್ಕ ಒಂದು ಬರೆದ. "ಈಗ ಯಾರು ಮ್ಯಾಲ, ಯಾರು ಕೆಳಗ ಹೇಳ್ರಿ ನೋಡೋಣ" ಅಂತ ಬ್ರಷ್ ಒರೆಸಿಕೊಂಡ.

ಎರಡನೆಯ ಬದಲಾವಣೆ ವಾರದ ರಜೆ. ನಮ್ಮ ಹೈದರಾಬಾದ್ ಸೀಮೆಯಲ್ಲಿ ಶುಕ್ರವಾರ ಸುಟ್ಟಿ. ಕಚೇರಿ, ಸಾಲಿ ಎಲ್ಲ ಬಂದ್. ಥಿಯೇಟರಿನ ಆಟವೂ ಶುಕ್ರವಾರವೇ. ಈಗ ಭಾನುವಾರ ರಜೆ ಎಂದಾಯಿತು, ಆಟವೂ ಭಾನುವಾರ ಸಂಜೆಗೆ ಹೋಯಿತು. ಕಾನ್ವೆಂಟಿನವಳಾದ ನನಗೆ ಖುಷಿಯಾಗಬೇಕಿತ್ತು. ಆದರೆ ನಾನೇ ಮೊದಲ ತಿಂಗಳು ಶುಕ್ರವಾರ ಮನೆಯಲ್ಲಿ ಉಳಿದು, ಭಾನುವಾರ ಚರ್ಚು ಮುಗಿಸಿ ಆಫೀಸಿಗೆ ಹೋಗಿ ಬೀಗ ನೋಡಿ ಬಂದೆ.

ಮೂರನೆಯದು ಪರದೆ. ಹೆಂಗಸರ ಪರದೆಯನ್ನು ತೆಗೆಯತಕ್ಕದ್ದು, ಹಾಡುವವರ ಹೆಸರನ್ನು ಕಡ್ಡಾಯವಾಗಿ ಹಾಕತಕ್ಕದ್ದು ಎಂದು ಆರ್ಡರ್. ಪರದೆಯನ್ನು ಸುರುಳಿ ಸುತ್ತಿ ಮೇಲೆ ಕಟ್ಟಿದೆವು.

ಈ ಸುದ್ದಿಯನ್ನು ನಾನು ಮನೆಯಲ್ಲಿ ಊಟದ ಹೊತ್ತಿಗೆ ಸುಮ್ಮನೆ ಹೇಳಿದೆ. ಆಪಾ ಕೈಯಲ್ಲಿನ ತುತ್ತು ಕೆಳಗಿಟ್ಟಳು.

"ನಾ ಹಾಡ್ತೇನಿ. ನನ್ನ ಹೆಸರು ಹಾಕ್ರಿ" ಅಂದಳು.

"ಆಪಾ, ಎಲ್ಲರ ಎದುರು ಕೂಡಬೇಕಾಗ್ತದ. ಪರದಾ ಇಲ್ಲ."

"ಇಲ್ಲದಿದ್ರ ಇಲ್ಲ. ನಮ್ಮ ಮನಿಯವರ ಹೆಸರು ಹಿಡಿದು ಊರೂರು ಒದರಿಸಲಿಕ್ಕೆ ನನಗ ಅಂಜಿಕಿ. ಎಲ್ಲಿ ಅಡಗಿ ಕುಂತಾರೋ ಏನೋ, ಯಾರರೆ ಹಿಡದು ಬಡದ್ರಂದ್ರ? ನನ್ನ ಹೆಸರು ಒದರಿದ್ರ ಯಾರಿಗೇನು? ಅವರು ಇದ್ರ ಕೇಳತಾರ. ನಾ ಅದೀನಿ ಅಂತ ಗೊತ್ತಾಗ್ತದ."

ನಮ್ಮ ತಾಯಿ ಆಕೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಡಂಗುರ ಅಂದರೆ ಪಬ್ಲಿಸಿಟಿ ಅಂತ ನನಗೆ ಗೊತ್ತಿತ್ತು. ಅದು ಕಾಗದದ ಹಾಗೆಯೂ ಕೆಲಸ ಮಾಡುತ್ತದೆ, ವಿಳಾಸವಿಲ್ಲದವನಿಗೂ ತಲುಪುತ್ತದೆ ಎಂದು ಆವತ್ತು ತಿಳಿಯಿತು.

ಬೋರ್ಡ್ ಬರೆದ ಮರುದಿನ ಆಪಾ ಬುರ್ಖಾ ಹಾಕಿಕೊಂಡು ನನ್ನ ಜೊತೆ ಚೌಬಾರಾಕ್ಕೆ ಬಂದಳು. ಆಕೆಗೆ ಉರ್ದು ಮಾತ್ರ ಓದಲು ಬರುತ್ತಿತ್ತು. ತನ್ನ ಹೆಸರು ಓದಿಕೊಂಡಳು. ಆಮೇಲೆ ಪಕ್ಕದ ಸಾಲಿಗೆ ಬೆರಳು ತೋರಿಸಿ, "ಇದೂ ನಾನೇ ಏನು?" ಎಂದಳು.

"ಅದು ಮರಾಠಿ. ನೀವೇ."

"ಇದು?"

"ಕನ್ನಡ. ಇದೂ ನೀವೇ. ಆ ಕಡೆದ್ದು ತೆಲುಗು."

"ಅಯ್ಯ, ನಾಕು ಮಂದಿ ಆದ್ನಲ್ಲ ನಾನು!" ಬುರ್ಖಾದೊಳಗೆ ನಕ್ಕಳು. ಒಂದು ವರ್ಷದ ಮೇಲೆ ಆಕೆ ನಕ್ಕದ್ದು ಕೇಳಿದೆ. ಸಂಜೆ ನೀರಿಗೆ ಹೋದಾಗ ಮತ್ತೆ ಚೌಬಾರಾ ಸುತ್ತು ಹಾಕಿ ಬಂದಳು ಎಂದು ಆಮೇಲೆ ನಮ್ಮ ತಾಯಿ ಹೇಳಿದಳು.

ಶಿವಪ್ಪನಿಗೆ ಭಾನುವಾರ ಎಂದು ಬಾಯಿಪಾಠ ಮಾಡಿಸಿದ್ದೆ. "ಐತವಾರ ಅಂತ ಸಾರಿದ್ರ ಜನ ನಗತಾರ್ರಿ" ಎಂದ. "ನೀ ಸಾರು" ಎಂದೆ. ಸಾರಿದ. ಜನ ನಕ್ಕರು. ಐತವಾರ ಕಚೇರಿ ದಿನ, ಆವತ್ತು ಯಾರು ಆಟ ಇಡುತ್ತಾರೆ, ಶಿವಪ್ಪ ಕುಡಿದಿದ್ದಾನೆ ಎಂದು ತಾವೇ ತಿದ್ದಿಕೊಂಡರು. ಶುಕ್ರವಾರ ಮಧ್ಯಾಹ್ನ ನಾನು ಆಫೀಸಿನ ಕಿಟಕಿಯಿಂದ ನೋಡಿದರೆ ಥಿಯೇಟರಿನ ಮುಂದೆ ಬಂಡಿಗಳು, ಎತ್ತುಗಳು, ಬುತ್ತಿ ಗಂಟುಗಳು. ಭಾಲ್ಕಿಯ ರೈಲಿನಿಂದ ಇಳಿದವರು ಬೇರೆ. ಜೋಶಿ ಸಾಹೇಬರು ಹೊರಗೆ ಓಡಿ ಬಂದರು.

"ಇವತ್ತಲ್ಲ, ಆಟ ಭಾನುವಾರ!"

ಸಾಯಗಾಂವದಿಂದ ಬಂದಿದ್ದ ಒಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಯಾವೂರವ್ನೋ ತಮ್ಮಾ? ಥೇಟರ್ ಶುಕ್ರಾರ ತೆರಿತದ. ನನ್ನ ಮದಿವಿಕಿಂತ ಮೊದಲಿಂದ ಶುಕ್ರಾರೇ ತೆರಿತದ. ಕೀಲಿ ಕಳಕೊಂಡಿದ್ರ ಹಂಗಂತ ಹೇಳು."

"ಈಗ ಸರ್ಕಾರ ಬದಲಾಗ್ಯಾದ, ಅಜ್ಜಿ."

"ಸರ್ಕಾರ ಬದಲಾದ್ರ ವಾರ ಬದಲಾಗತಾವೇನು?"

ಜೋಶಿ ಸಾಹೇಬರು ನನ್ನನ್ನು ನೋಡಿದರು. ನಾನು ಶಿವಪ್ಪನನ್ನು ನೋಡಿದೆ. ಅವನು ಆಕಾಶ ನೋಡಿದ. ಅರ್ಧ ಜನ ತಿರುಗಿ ಹೋದರು, ಅರ್ಧ ಜನ ಧರ್ಮಶಾಲೆಯಲ್ಲಿ ಉಳಿದರು. ಹೋದ ಅರ್ಧದಲ್ಲಿ ಯಾರಿದ್ದರೋ ಎಂದು ಆಪಾ ಎರಡು ದಿನ ಒದ್ದಾಡಿದಳು.

ಭಾನುವಾರ ಆಪಾ ರಂಗದ ಮೇಲೆ ಬಂದು ಕೂತಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ಪರದೆ ಇಲ್ಲದ ಹೆಂಗಸರು ಸೆರಗು ಎಳೆದುಕೊಂಡು ಅರ್ಧ ಗೋಡೆಯ ಕಡೆ ತಿರುಗಿ ಕೂತಿದ್ದರು. ಸಾರಂಗಿಯ ಜಾಗದಲ್ಲಿ ಹಾರ್ಮೋನಿಯಂ ಮಾಸ್ತರು ಶ್ರುತಿ ಹಿಡಿದರು, ಶುರು ಮಾಡಿ ಎಂದು ತಲೆಯಾಡಿಸಿದರು. ಆಪಾ ಶುರು ಮಾಡಲಿಲ್ಲ. ಅವರು ಮತ್ತೆ ತಲೆಯಾಡಿಸಿದರು. ಜೋಶಿ ಸಾಹೇಬರು ಗಡಿಯಾರ ತೆಗೆದರು. ಎಲ್ಲ ಕಣ್ಣಿಗೆ ಕಾಣುತ್ತಿದ್ದರೂ ಆಕೆಯ ಕಿವಿ ಸಪ್ಪಳಕ್ಕೆ ಕಾಯುತ್ತಿದೆ ಎಂದು ನನಗೆ ಹೊಳೆಯಿತು. ರಂಗದ ಅಂಚಿಗೆ ಹೋಗಿ ಬೂಟಿನ ಹಿಮ್ಮಡಿಯಿಂದ ಟಕ್ ಎಂದು ಬಡಿದೆ. ಹಾಡು ಹೊರಟಿತು.

ಜನ ಕುಣಿತಕ್ಕಿಂತ ಆ ಹಾಡಿಗೆ ಹೆಚ್ಚು ಚಪ್ಪಾಳೆ ಹೊಡೆದರು. ಹೆಸರು ಕೂಗಿ ಇನ್ನೊಂದು ಹಾಡು ಕೇಳಿದರು. ಹಾಡಿನ ಉದ್ದಕ್ಕೂ ಆಪಾ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲಿನಿಂದ ಬರಬೇಕಾದವರು ಬರಲಿಲ್ಲ.

ಮುಂದಿನ ಭಾನುವಾರಗಳಲ್ಲೂ ನಾನು ಹಿಮ್ಮಡಿ ಬಡಿದೆ, ಆಕೆ ಹಾಡಿದಳು. ಮಾರ್ಕೆಟ್ಟಿನಲ್ಲಿ ಹೆಂಗಸರು "ಜೈನಬ್ ಬೀ ಅಂದ್ರ ನೀವೇ ಏನ್ರಿ" ಎಂದು ನಿಲ್ಲಿಸಿ ಮಾತಾಡಿಸತೊಡಗಿದರು. ಆಪಾ ಮನೆಗೆ ಬಂದು ಅದನ್ನು ನಮ್ಮ ತಾಯಿಗೆ ಎರಡು ಸಲ ಹೇಳುತ್ತಿದ್ದಳು. ಆಮೇಲೆ ಅಷ್ಟು ಹೊತ್ತು ಗಂಡನನ್ನು ಮರೆತೆನಲ್ಲ ಎಂದು ಅಳುತ್ತಿದ್ದಳು. ಆಕೆ ಖುಷಿಯಾಗಿದ್ದಾಳೋ ದುಃಖದಲ್ಲಿದ್ದಾಳೋ ನನಗೆ ಹೇಳಲು ಬರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಒಂದು ಸಲಕ್ಕೆ ಒಂದೇ ಫೀಲಿಂಗ್ ತೋರಿಸಬೇಕು ಎಂದು ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದ್ದರು.

ಒಂದು ದಿನ ಶಿವಪ್ಪ ಔರಾದಿನ ಸುತ್ತು ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ನೀರು ಕುಡಿದ. ಹರಟೆ ಹೊಡೆಯುತ್ತ ಅಂದ:

"ಅಲ್ಲಿ ಒಬ್ಬ ಕುರುಬ ಸಿಕ್ಕಿದ್ನರಿ. ಕುರುಬ ಅಂದ್ರ, ಕಂಬಳಿ ಹೊತ್ತಾನ, ಆದ್ರ ಕುರಿ ಕಾಯ್ಲಿಕ್ಕೆ ಬರೂದಿಲ್ಲ ಅವಂಗ. ಮರಿ ಹೊಲದಾಗ ಹೊಂಟ್ರ ಹಾದಿ ಬಿಟ್ಟು ನಿಂದರತಾನ. ನಾ ಡಂಗುರ ಹೊಡಿಲಿಕತ್ತಿದ್ರ ಬಂದು ಕೇಳಿದ, ಹಾಡಾಕಿ ಪರದಾದಾಗ ಕೂಡತಾಳೇನು ಅಂತ. ಪರದಾ ಕಿತ್ತು ಒಗದಾರ ಮಾರಾಯಾ, ಸ್ಟೇಜ್ ಮ್ಯಾಲ ಕುಂತು ಹಾಡತಾಳ ಅಂದೆ. ಹಂಗಾದ್ರ ಆಕಿ ಬ್ಯಾರೆ ಯಾರೋ, ಆ ಹೆಸರಿನಾಕಿ ಮತ್ತೊಬ್ಬಾಕಿ ಇರಬೇಕು ಅಂತಂದು ಹೋಗೇಬಿಟ್ಟ."

ಒಳಗೆ ಅಕ್ಕಿ ಆರಿಸುತ್ತಿದ್ದ ಸಪ್ಪಳ ನಿಂತಿತು. ಆಪಾ ಬಾಗಿಲಿಗೆ ಬಂದಳು.

"ಗಡ್ಡ ಇತ್ತೇನು ಶಿವಪ್ಪಣ್ಣಾ?"

"ಇಲ್ರಿ. ಬೋಳಿಸಿದ ಗದ್ದ."

"ಕೈಯಾಗ ಉಂಗುರ?"

ಶಿವಪ್ಪ ತಲೆ ಕೆರೆದುಕೊಂಡ. "ಕೈ ಕಂಬಳಿ ಒಳಗ ಇತ್ರಿ."

ಅಣ್ಣ ಅದೇ ದಿನ ಹೊರಟ. ಕುರಿಯವರ ಬೀಡು ಎದ್ದು ಹೋಗಿತ್ತು. ಇವತ್ತು ಒಂದು ಹೊಲದಲ್ಲಿ ಕುರಿ ಕೂಡಿಸಿದವರು ನಾಳೆ ಇನ್ನೊಂದು ಊರಿನ ಹೊಲದಲ್ಲಿರುತ್ತಾರೆ. ಎಲ್ಲಿ ಅಂತ ಹುಡುಕುವುದು? ಅವರನ್ನು ಮುಟ್ಟಲು ಮತ್ತೆ ಡಂಗುರವೇ ದಾರಿ. ಆದರೆ ಡಂಗುರದಲ್ಲಿ ಏನು ಹೇಳಬೇಕು?

ಆಪಾ ಆವತ್ತು ಹಣೆ ಹಿಡಿದುಕೊಂಡು ಕೂತಳು. "ನೋಡ್ರಿ ಎಂಥಾ ಮಾತು. ನನ್ನ ಗಂಡಗ ನನ್ನ ಹೆಸರು ನಂದಲ್ಲ ಅನಸ್ತು. ಹೆಸರಿಲ್ಲದ ಹಾಡು ಕೇಳಿದ್ರ ನಂದು ಅಂತ ಓಡಿ ಬರ್ತಿದ್ರು." ಮತ್ತೆ ಅಂದಳು: "ಹೆಸರು ತೆಗಸ್ರಿ. ಮೊದಲಿನ ಸಾಲು ಬರಸ್ರಿ." ಹಾಗೆ ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ.

"ನಿಮಗ ಮನಸ್ಸು ಅದ ಏನು ಆಪಾ?"

"ನನ್ನ ಮನಸ್ಸು ಕೇಳಬ್ಯಾಡ ಬೇಟಿ. ನನಗೇ ತಿಳಿವಲ್ದು."

ನಾನು ಜೋಶಿ ಸಾಹೇಬರ ಹತ್ತಿರ ಹೋದೆ. ಕಾರಣ ಹೇಳುವ ಹಾಗಿರಲಿಲ್ಲ. ಅಡಗಿರುವವರ ಸುದ್ದಿಯನ್ನು ಸರ್ಕಾರದವರ ಮುಂದೆ ಹೇಳಬೇಡ ಎಂದು ಆಪಾ ಆಣೆ ಹಾಕಿಸಿಕೊಂಡಿದ್ದಳು.

"ಸರ್, ಜೈನಬ್ ಬೀ ಅವರ ಹೆಸರು ಬೋರ್ಡಿನಿಂದ ತಗೀಬೇಕಂತ್ರಿ."

"ಯಾಕ? ತಾನಾಗೇ ಹಾಕ್ರಿ ಅಂದಾಕಿ ಅಲ್ಲೇನು ಆಕಿ?"

"ಹೌದ್ರಿ ಸರ್."

"ಈಗ ಬ್ಯಾಡ?"

"ಬ್ಯಾಡ ಅಂದ್ರ, ಬೇಕ್ರಿ. ಆದ್ರ ಬ್ಯಾಡಂತ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಮಿಸ್, ನೀವು ಇಂಗ್ಲಿಷ್‌ದಾಗ ಹೇಳ್ರಿ, ಬಹುಶಃ ತಿಳೀಬಹುದು." ಇಂಗ್ಲಿಷಿನಲ್ಲಿ ಹೇಳಿದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಆರ್ಡರ್ ಅಂದರೆ ಆರ್ಡರ್, ಬೋರ್ಡಿನಲ್ಲಿ ಹೆಸರು ಇರಲೇಬೇಕು ಎಂದರು. ಅವರದೂ ತಪ್ಪಲ್ಲ.

ಮೆಟ್ಟಿಲಿಳಿದು ಬರುವಾಗ ಶಿವಪ್ಪ ಎದುರಾದ. ಅವನನ್ನು ನೋಡಿದ ಮೇಲೆ ನನಗೆ ನೆನಪಾಯಿತು: ಆರ್ಡರಿನಲ್ಲಿ ಬೋರ್ಡಿನ ಮಾತಿದೆ, ಡಂಗುರದ ಮಾತಿಲ್ಲ.

ಹೀಗೆ ಆ ವಾರ ಒಂದೇ ಕಾರ್ಯಕ್ರಮಕ್ಕೆ ಎರಡು ಪ್ರಕಟಣೆ ಹೊರಟವು. ಚೌಬಾರಾದ ಬೋರ್ಡ್ ಓದಿದವರಿಗೆ ಜೈನಬ್ ಬೀ ಅವರ ಗಾಯನ. ಔರಾದಿನ ಹಾದಿಯಲ್ಲಿ ಡಂಗುರ ಕೇಳಿದವರಿಗೆ ಪರದೆಯ ಒಳಗಿಂದ ಹಾಡು. ಪರದೆ ಸುರುಳಿಯಾಗಿ ಮೇಲೆ ಕಟ್ಟಿತ್ತು. ಊರಲ್ಲಿ ಒಬ್ಬರನ್ನೊಬ್ಬರು ಕೇಳತೊಡಗಿದರು, ಹಾಡುವವರು ಇಬ್ಬರೋ ಒಬ್ಬರೋ ಅಂತ. ನನ್ನನ್ನು ಕೇಳಿದವರಿಗೆ "ಯಾರಿಗೆ ಗೊತ್ರಿ" ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಅವರು ಶುಕ್ರವಾರ ಬಂದರು. ಥಿಯೇಟರ್ ತೆರೆಯುವುದು ಶುಕ್ರವಾರ ಅಲ್ಲವೇ, ಶಿವಪ್ಪ ಏನು ಸಾರಿದರೇನು.

ನಾನು ಮಧ್ಯಾಹ್ನ ಆಫೀಸಿನಿಂದ ಹೊರಗೆ ಬಂದಾಗ ಥಿಯೇಟರಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಕೂತಿದ್ದ. ಸಣಕಲು. ತೊಡೆಯ ಮೇಲೆ ಕಂಬಳಿಯ ತುದಿಯಲ್ಲಿ ಏನೋ ಸುತ್ತಿಟ್ಟುಕೊಂಡಿದ್ದ, ಕುರಿಮರಿಯನ್ನು ಹಿಡಿದ ಹಾಗೆ. "ಆಟ ಐತವಾರ ಅದ, ಇವತ್ತಲ್ಲ" ಎಂದೆ. ಅವನು ತಲೆಯೆತ್ತಿದ. ಗಡ್ಡವಿಲ್ಲದ ಆ ಮುಖ ನನಗೆ ಗೊತ್ತಾಗಲಿಲ್ಲ. ಅವನು ಮೆಟ್ಟಿಲ ಮೇಲೆ ಇಟ್ಟುಕೊಂಡಿದ್ದ ಕೈಯ ಉಂಗುರ ಗೊತ್ತಾಯಿತು.

"ಮಾಸ್ತರ್" ಎಂದೆ. ಕೂಗಿದ ಹಾಗೇ ಆಯಿತು.

"ಸಾವಕಾಶ ಮಾತಾಡ್ರಿ ಮಿಸ್ ಬಾಯಿ" ಎಂದರು. "ಆಕಿ ಅದಾಳೇನು?"

"ಅದಾರ್ರಿ. ನಮ್ಮ ಮನ್ಯಾಗ ಅದಾರ."

ಅವರು ಕಂಬಳಿಯಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು: ಮದುವೆ ಮನೆಯಿಂದ ಓಡಿದ ಅವರನ್ನು ಒಂದು ಕುರುಬರ ಕುಟುಂಬ ತಮ್ಮ ಬೀಡಿನಲ್ಲಿ ಇಟ್ಟುಕೊಂಡಿತಂತೆ. ಗಡ್ಡ ತೆಗೆಸಿ, ಕಂಬಳಿ ಹೊದಿಸಿ, ಕೇಳಿದವರಿಗೆ ನಮ್ಮ ಭಾವ ಎಂದರಂತೆ. ಒಬ್ಬನನ್ನು ಬೀದರಿಗೆ ಕಳಿಸಿ ನೋಡಿಸಿದಾಗ ಮನೆಗೆ ಬೀಗ, ಓಣಿಯಲ್ಲಿ ಯಾರೂ ಇಲ್ಲ ಎಂದು ಅವನು ಬಂದು ಹೇಳಿದನಂತೆ. ಮತ್ತೆ ಕೇಳುವ ಧೈರ್ಯ ಆಗಲಿಲ್ಲವಂತೆ. ಸಾರಂಗಿಯ ತಂತಿ ಕುರಿಯ ಕರುಳಿನದು ಎಂದು ತಿಳಿದು ಕುರುಬರು ನಗುತ್ತಿದ್ದರಂತೆ, "ಮಾಸ್ತರ, ನಮ್ಮ ಕುರಿ ಸತ್ತ ಮ್ಯಾಲೂ ಒದರಸ್ತೀರಿ ನೀವು" ಅಂತ. ಅದನ್ನು ಹೇಳುವಾಗ ಅವರೂ ಸ್ವಲ್ಪ ನಕ್ಕರು.

ಮನೆಗೆ ಕರೆದುಕೊಂಡು ಹೋಗಲು ಚೌಬಾರಾ ದಾಟಬೇಕಿತ್ತು. ಬೋರ್ಡಿನ ಮುಂದೆ ಅವರು ನಿಂತುಬಿಟ್ಟರು. ಉರ್ದು ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು.

"ಇದು ಆಕಿನೇ ಏನು?"

"ಹೌದ್ರಿ. ಈ ಕಡೆ ಮೂರೂ ಅವರೇ."

ಅವರು ಸಿಟ್ಟಾದರೋ, ಹೆಮ್ಮೆಪಟ್ಟರೋ, ನಾಚಿದರೋ ನನಗೆ ಗೊತ್ತಾಗಲಿಲ್ಲ. "ಒಳ್ಳೆ ದೊಡ್ಡ ಅಕ್ಷರ ಹಾಕೀರಿ" ಎಂದಷ್ಟೇ ಅಂದರು.

ಮನೆಯಲ್ಲಿ ಗಂಡ ಹೆಂಡತಿ ಎದುರಾದದ್ದನ್ನು ನಾನು ನೋಡಲಿಲ್ಲ. ನಮ್ಮ ತಾಯಿ ನನ್ನನ್ನು ಕೈಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಆದರೆ ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಮಾತು ಜೋರಾಗಿ ಕೇಳಿಸಿತು.

"ನಾಳಿದ್ದಿನಿಂದ ಪರದಾದಾಗ ಕೂಡ್ತೇನಿ, ಆತಿಲ್ಲೋ? ಹೆಸರೂ ಬ್ಯಾಡ" ಎಂದಿತು ಆಪಾಳ ಧ್ವನಿ.

"ನಾ ಹಂಗ ಅಂದ್ನೇನು?"

"ಅನ್ಲಿಲ್ಲ. ಮುಖ ಹಂಗ ಮಾಡೀರಿ."

"ಮುಖ ಬೋಳಿಸೀನಿ, ಅದಕ್ಕ ಹಂಗ ಕಾಣ್ತದ. ನನ್ನ ಮಾತು ಬ್ಯಾರೆ ಅದ. ನಾ ಮಂದಿ ಎದುರು ಹ್ಯಾಂಗ ಕೂಡಲಿ? ಯಾರ್ಯಾರು ಬಂದಿರತಾರೋ. ಮಂದಿ ಕಂಡ್ರ ಕಂಬಳಿ ಎಳಕೊಳ್ಳೂದೇ ರೂಢಿ ಆಗ್ಯದ ನನಗ ಈಗ."

ಹಿತ್ತಲಲ್ಲಿ ನಮ್ಮ ತಾಯಿಯೂ ನಾನೂ ಮುಖ ಮುಖ ನೋಡಿಕೊಂಡೆವು.

ಶನಿವಾರ ನಾನು ಮತ್ತೆ ಜೋಶಿ ಸಾಹೇಬರ ಎದುರು ನಿಂತೆ. "ಸರ್, ಜೈನಬ್ ಬೀ ಹೆಸರು ಇರಲಂತ್ರಿ. ಸಾರಂಗಿಯವರೊಬ್ಬರು ಬಂದಾರ. ಅವರು ಪರದಾದಾಗ ಕೂಡ್ತಾರಂತ. ಅವರ ಹೆಸರು ಬ್ಯಾಡಂತ."

"ಅವರು ಹೆಂಗಸರೇನು?"

"ಗಂಡಸರು ಸರ್."

ಸಾಹೇಬರು ನನ್ನನ್ನು ನೋಡಿದರು. ಏನೋ ಅರ್ಥವಾದ ಹಾಗಿತ್ತು, ಏನೂ ಅರ್ಥವಾಗದ ಹಾಗೂ ಇತ್ತು. ಡ್ರಾಯರ್ ತೆಗೆದು ಆರ್ಡರನ್ನು ಓದಿದರು. "ಹೆಂಗಸರ ಪರದೆ ತೆಗೀಬೇಕು ಅಂತ ಅದ. ಹಾಡೋರ ಹೆಸರು ಹಾಕಬೇಕು ಅಂತ ಅದ. ಬಾರಸೋ ಗಂಡಸರ ಬಗ್ಗೆ ಇದರಾಗ ಏನೂ ಇಲ್ಲ" ಎಂದು ಕಾಗದವನ್ನು ಒಳಗೆ ಹಾಕಿ ಡ್ರಾಯರ್ ಮುಚ್ಚಿದರು. ಬಸವಣ್ಣ ಬೋರ್ಡಿಗೆ ಏಣಿ ಹಾಕಿ ಕೊನೆಯ ಸಾಲನ್ನು ನಾಲ್ಕು ಭಾಷೆಯಲ್ಲಿ ಬರೆದ: ಪರದೆಯ ಒಳಗಿಂದ ಸಾರಂಗಿ.

ಆ ಸಾಲು ಎಷ್ಟು ಕಾಲ ಇತ್ತು, ಮಾಸ್ತರು ಯಾವಾಗ ಹೊರಗೆ ಬಂದು ಕೂತರು, ಬಂದರೋ ಇಲ್ಲವೋ ಎಂದು ನೀವು ಕೇಳಬಹುದು. ಮರುವರ್ಷ ನನಗೆ ಟ್ರಾನ್ಸ್‌ಫರ್ ಆಯಿತು. ನಾನಿದ್ದಷ್ಟು ದಿನ ಅವರು ಒಳಗೇ ಇದ್ದರು, ಆಪಾ ಹೊರಗೇ ಇದ್ದಳು. ಇಬ್ಬರಲ್ಲಿ ಯಾರಿಗೆ ಏನು ಸಿಕ್ಕಿತು, ಯಾರು ಏನು ಬಿಟ್ಟುಕೊಟ್ಟರು ಎಂಬ ಲೆಕ್ಕ ನನಗೆ ಹತ್ತಿಲ್ಲ. ನೀವು ನಾಳೆ ಪೋಸ್ಟರಿನಲ್ಲಿ ಒಂದು ಹೆಸರು ಹಾಕುವಾಗ, ಇಲ್ಲವೇ ಬಿಡುವಾಗ, ಆ ಹೆಸರಿನವರನ್ನು ಒಂದು ಮಾತು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಸ್ವಲ್ಪ ಕಾಯಿರಿ. ನನಗೆ ಬರುವ ಸಲಹೆ ಅಷ್ಟೇ.

ಆ ಭಾನುವಾರದ್ದನ್ನು ಹೇಳಿ ಮುಗಿಸುತ್ತೇನೆ. ಸುರುಳಿಯ ಕೊನೆಯ ತುಂಡನ್ನು, ದಪ್ಪ ಬಟ್ಟೆಯದನ್ನು ಮಾತ್ರ ಕೆಳಗೆ ಇಳಿಸಿದ್ದೆ. ಹೆಂಗಸರ ಕಡೆ ಗುಸುಗುಸು. "ಅವ್ವಾ, ಗಂಡಸ ನಮ್ಮ ಕಡೆ ಕುಂತಾನ. ನಾವು ಹೊರಗ, ಅವ ಒಳಗ, ಇದ್ಯಾವ ರಾಜ್ಯ ಬಂತು" ಎಂದು ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಒಳಗೆ ಸಾರಂಗಿ ಕೂಡಿಸಿಕೊಳ್ಳುವ ಸಪ್ಪಳ ನಿಂತಿತು. ಆಪಾ ರಂಗದ ನಡುವೆ ಸೆರಗು ಸರಿಮಾಡಿಕೊಂಡು ಕೂತಳು. ಹಾಲ್ ಸುಮ್ಮನಾಯಿತು.

ಏನೂ ಆಗಲಿಲ್ಲ. ಆಪಾ ಸಪ್ಪಳಕ್ಕೆ ಕಾಯುತ್ತಿದ್ದಳು. ಒಳಗೂ ಸದ್ದಿಲ್ಲ. ಜೋಶಿ ಸಾಹೇಬರು ನನ್ನ ಕಡೆ ನೋಡಿದರು. ನಾನು ಹೋದ ಸಲದ ಹಾಗೆ ಹಿಮ್ಮಡಿ ಎತ್ತಿದೆ. ಎತ್ತಿದವಳು ಹಾಗೇ ನಿಂತೆ. ಒಳಗೆ ಕೂತವರಿಗೆ ಈಗ ಹೊರಗಿನದು ಕಾಣುವುದಿಲ್ಲ. ಅವರೂ ಕಾಯುತ್ತಿದ್ದಾರೆ. ಕಾಲನ್ನು ಸದ್ದಾಗದ ಹಾಗೆ ಕೆಳಗಿಟ್ಟೆ.

ಆಪಾ ಪರದೆಯ ಕಡೆ ತಿರುಗಿದಳು. ಆಕೆಗೂ ಆಗ ತಿಳಿದಿರಬೇಕು. ಕೈಯನ್ನು ಸೆರಗಿನಿಂದ ಹೊರತೆಗೆದು, ಬೆಳ್ಳಿಯ ಬಳೆಯಿಂದ ರಂಗದ ಮರದ ನೆಲದ ಮೇಲೆ ಟಕ್ ಎಂದು ಬಡಿದಳು. ಒಳಗಿನಿಂದ ಸಾರಂಗಿ ಎದ್ದಿತು.